ಕಳ್ಳ ಸಿಕ್ಕಿಬಿದ್ದರೆ ಗತಿ ಏನು?

ಐಡನ್ಸ್‌ಫೀಲ್ಡ್ ಅನ್ನುವ ಊರಿನಲ್ಲಿ 1969ನೇ ಇಸವಿ ಮುಗಿಯಲೇ ಇಲ್ಲ. ಬೇರೆ ಕಡೆಯೆಲ್ಲ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ವಾಪಸು ಬಂದ, 1970 ಹುಟ್ಟಿತು, ಎಪ್ಪತ್ತರ ದಶಕಕ್ಕೂ ವಯಸ್ಸಾಯಿತು. ಈ ಊರಿನ ಕ್ಯಾಲೆಂಡರ್ ಮಾತ್ರ ಗೋಡೆಗೆ ಗೋಂದು ಹಚ್ಚಿ ಅಂಟಿಸಿದ ಹಾಗೆ ನಿಂತೇಬಿಟ್ಟಿತು. ಕ್ರಿಸ್‌ಮಸ್ ಬಂತು, ಹೋಯಿತು, 1969. ಇನ್ನೊಂದು ಕ್ರಿಸ್‌ಮಸ್ ಬಂತು, ಅದೂ 1969. ಪೇದೆ ಬದಲಾದ, ಸಾರ್ಜೆಂಟ್ ಬದಲಾದ, ಊರಿನ ಡಾಕ್ಟರಂತೂ ಬಾಡಿಗೆ ಮನೆಯವರ ಹಾಗೆ ಬದಲಾಗುತ್ತಲೇ ಇದ್ದರು. ಇಸವಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕಾಲವನ್ನು ಹೀಗೆ ಹಗಲುಹೊತ್ತಿನಲ್ಲೇ ಕದ್ದು ಬಚ್ಚಿಟ್ಟದ್ದು ಪೊಲೀಸರ ಕಣ್ಣೆದುರಿಗೇ. ಒಂದು ಎಫ್‌ಐಆರ್ ಕೂಡ ಆಗಲಿಲ್ಲ.

‘ಹಾರ್ಟ್‌ಬೀಟ್’ ಅಂತ ಆ ಧಾರಾವಾಹಿಯ ಹೆಸರು. ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ 1992ರ ಏಪ್ರಿಲ್ 10ರಂದು ಶುರುವಾಗಿ 2010ರ ಸೆಪ್ಟೆಂಬರ್ 12ಕ್ಕೆ ನಿಂತಿತು. 18 ಸರಣಿ, 372 ಕಂತು. ಉತ್ತರ ಯಾರ್ಕ್‌ಷೈರ್‌ನ ಬೋಳು ಗುಡ್ಡಗಳ ನಡುವೆ ಐಡನ್ಸ್‌ಫೀಲ್ಡ್ ಅಂತೊಂದು ಕಲ್ಪಿತ ಹಳ್ಳಿ, ಅದಕ್ಕೊಬ್ಬ ಪೊಲೀಸ್ ಪೇದೆ, ಪಕ್ಕದ ಆ್ಯಶ್‌ಫರ್ಡ್ಲಿಯಲ್ಲಿ ಒಂದು ಠಾಣೆ, ಠಾಣೆಗೊಬ್ಬ ಸಿಡುಕ ಸಾರ್ಜೆಂಟ್. ಕಥೆ ಅಂದರೆ ಇಷ್ಟೇ. ಅರವತ್ತರ ದಶಕದ ಕೆಲವು ವರ್ಷಗಳನ್ನು ತೋರಿಸುವುದಕ್ಕೆ ಹದಿನೆಂಟು ವರ್ಷ ತಗೊಂಡರು. ಸೊಸೆ ಕಾಫಿ ಲೋಟ ಎತ್ತಿ ಅತ್ತೆಯ ಕೈಗೆ ಕೊಡುವಷ್ಟರಲ್ಲಿ ಮೂರು ಕಂತು ದಾಟಿಸುವ ನಮ್ಮ ಮೆಗಾ ಧಾರಾವಾಹಿಯವರು ಇದನ್ನು ಕೇಳಿ ನಾಚಿಕೊಳ್ಳಬೇಕಾಗಿಲ್ಲ, ಹೊಟ್ಟೆಕಿಚ್ಚು ಪಟ್ಟರೆ ಸಾಕು.

ಈ ಊರಿನ ಪರಿಚಯ ನನಗಾದದ್ದು ನಮ್ಮ ಭಾವನ ದಯೆಯಿಂದ. ಭಾವ ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಎಪ್ಪತ್ತರ ದಶಕದಲ್ಲಿ ಯಾರ್ಕ್‌ಷೈರ್‌ನ ಆಸ್ಪತ್ರೆಯೊಂದಕ್ಕೆ ಹೋಗಿ ಸೇರಿಕೊಂಡು, ಅಲ್ಲೇ ಬೇರುಬಿಟ್ಟವರು. ಈಗ ನಿವೃತ್ತರು. ಐಟಿವಿ3 ವಾಹಿನಿಯಲ್ಲಿ ಹಳೆಯ ಕಂತುಗಳು ಹಗಲುಹೊತ್ತು ಮರುಪ್ರಸಾರವಾಗುತ್ತವೆ. ಅವರ ದಿನಚರಿ ಅಂದರೆ ಸಾರು-ಅನ್ನ, ಮಜ್ಜಿಗೆ, ಹಾರ್ಟ್‌ಬೀಟ್. ಈ ಕ್ರಮದಲ್ಲಿ ಯಾವುದನ್ನಾದರೂ ಬಿಡಬೇಕಾಗಿ ಬಂದರೆ ಮಜ್ಜಿಗೆಯನ್ನು ಬಿಟ್ಟಾರು. ತೆರೆಯ ಮೇಲೆ ಹಳೇ ಫೋರ್ಡ್ ಆ್ಯಂಗ್ಲಿಯಾ ಕಾರು ಗುಡ್ಡ ಹತ್ತುವುದು ಕಂಡರೆ ಸಾಕು, “ಆಹಾ, ಆ ಕಾಲವೇ ಕಾಲ!” ಅಂತ ನಿಟ್ಟುಸಿರು. ಅಕ್ಕ ಅಡುಗೆಮನೆಯಿಂದಲೇ, “ಆ ಕಾಲದಲ್ಲಿ ನೀವೆಲ್ಲಿದ್ರಿ? ಮೈಸೂರು ಹಾಸ್ಟೆಲಿನಲ್ಲಿ ನೀರು ಸಾರು ಕುಡೀತಿದ್ರಿ. ಯಾರ್ಕ್‌ಷೈರ್ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ,” ಅನ್ನುತ್ತಾಳೆ. ಭಾವ ಜಗ್ಗುವುದಿಲ್ಲ. ತಾನು ಕಾಣದ ಊರಿನ, ತಾನು ಬದುಕದ ಕಾಲವನ್ನು ನೆನೆದು ಮರುಗುವ ಈ ಸುಖ ಇದೆಯಲ್ಲ, ಅದರಲ್ಲಿ ಖರ್ಚಿಲ್ಲ. ಆ ಕಾಲದ ಚಳಿ, ಆ ಕಾಲದ ಹಲ್ಲುನೋವು, ಕಂದುಬಣ್ಣದವನಿಗೆ ಬಾಡಿಗೆಮನೆ ಕೊಡದ ಆ ಕಾಲದ ಮಾಲೀಕರು, ಯಾವುದೂ ತೆರೆ ದಾಟಿ ಈಚೆ ಬರುವುದಿಲ್ಲ.

“ಆ ಊರಿನಲ್ಲಿ ಡಾಕ್ಟರುಗಳು ನಿಲ್ತಾನೇ ಇರಲಿಲ್ಲ. ನಾನು ಒಂದು ಅರ್ಜಿ ಹಾಕಿದ್ರೆ ಪರ್ಮನೆಂಟ್ ಆಗ್ತಿದ್ದೆ,” ಅನ್ನುವುದು ಭಾವನ ಖಾಯಂ ನಗೆಚಾಟಿಕೆ. ಅದಕ್ಕೆ ಅಕ್ಕ ನಗುವುದನ್ನು ನಿಲ್ಲಿಸಿ ಬಹಳ ಕಾಲವಾಗಿದೆ.

ಮೊದಲ ಪೇದೆ ನಿಕ್ ರೋವನ್. ಲಂಡನ್ನಿನ ಗದ್ದಲ ಸಾಕಾಗಿ ಹೆಂಡತಿಯ ಕಡೆಯ ಊರಿಗೆ ಬಂದವನು. ಹೆಂಡತಿ ಕೇಟ್ ಡಾಕ್ಟರು. ಪಾತ್ರ ಮಾಡಿದವನು ನಿಕ್ ಬೆರಿ. ಅದಕ್ಕೆ ಮೊದಲು ‘ಈಸ್ಟ್‌ಎಂಡರ್ಸ್’ ಅನ್ನುವ ಇನ್ನೊಂದು ಮುಗಿಯದ ಧಾರಾವಾಹಿಯಲ್ಲಿ ಹುಡುಗಿಯರ ನಿದ್ದೆಗೆಡಿಸಿದ್ದ ಚೆಲುವ. ಈತ ಬರೀ ನಟಿಸಿದರೆ ಆಗಿತ್ತು, ಶೀರ್ಷಿಕೆ ಗೀತೆಯನ್ನೂ ತಾನೇ ಹಾಡಿದ. ಅದು ಬಡಿ ಹಾಲಿಯ ಹಳೆಯ ಹಾಡು. ಇವನ ಕಂಠದಲ್ಲಿ 1992ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಎರಡನೇ ಸ್ಥಾನಕ್ಕೆ ಏರಿಬಿಟ್ಟಿತು. ಪೇದೆ ಅಂದಮೇಲೆ ಸೀಟಿ ಊದಬೇಕು, ಇವನು ಹಾಡು ಹೇಳಿದ. ಮುಂದೆ ಕಥೆಯಲ್ಲಿ ಕೇಟ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಇಂಗ್ಲೆಂಡಿನ ಮನೆಮನೆಗಳಲ್ಲಿ ಟಿಶ್ಯೂ ಕಾಗದಕ್ಕೆ ಬರ ಬಂತು. ನಿಕ್ ಕೆಲಕಾಲ ಅತ್ತು, ಊರಿನ ಮೇಡಮ್ಮೊಬ್ಬಳನ್ನು ಮದುವೆಯಾಗಿ, 1998ರಲ್ಲಿ ಧಾರಾವಾಹಿ ಬಿಟ್ಟು ಕೆನಡಾಗೆ ಹೋಗಿ ಅಲ್ಲಿನ ಕೆಂಪು ಕೋಟಿನ ಕುದುರೆ ಪೊಲೀಸನಾದ. ಆಳು ಹೋದರೂ ಗಂಟಲು ಯಾರ್ಕ್‌ಷೈರ್‌ನಲ್ಲೇ ಉಳಿಯಿತು. ಅವನಾದಮೇಲೆ ಬಂದ ಮೈಕ್ ಬ್ರಾಡ್ಲಿ ಬೈಕ್ ಹತ್ತಿದಾಗಲೂ ಹಿಂದಿನವನ ಹಾಡೇ. ವರ್ಗವಾಗಿ ಹೋದ ಅಧಿಕಾರಿಯ ನಾಮಫಲಕ ತೆಗೆಯದೆ ಕೆಳಗೊಂದು ಹೊಸದು ಹೊಡೆಯುವುದು ನಮ್ಮ ಕಚೇರಿಗಳಲ್ಲಿ ಮಾತ್ರ ಅಂದುಕೊಂಡಿದ್ದೆ.

ಸಾರ್ಜೆಂಟ್ ಆಸ್ಕರ್ ಬ್ಲೇಕಟನ್ ಅಂದರೆ ಡೆರೆಕ್ ಫೌಲ್ಡ್ಸ್. ‘ಯೆಸ್ ಮಿನಿಸ್ಟರ್’ ನೋಡಿದವರಿಗೆ ಈ ಮುಖ ನೆನಪಿರಬೇಕು. ಮಂತ್ರಿಗೂ ಕಾರ್ಯದರ್ಶಿಗೂ ನಡುವೆ ಸಿಕ್ಕಿಕೊಂಡು, ವ್ಯಾಕರಣದ ತಪ್ಪು ತಿದ್ದುತ್ತ ನಿಲ್ಲುತ್ತಿದ್ದ ಸಾಧು ಬರ್ನಾರ್ಡ್. ಅದೇ ಮನುಷ್ಯ ಇಲ್ಲಿ ಟೋಪಿಯ ಅಂಚನ್ನು ಹುಬ್ಬಿನ ತನಕ ಎಳೆದುಕೊಂಡು ಗುಡುಗುತ್ತಾನೆ. ಇದರಲ್ಲೊಂದು ತಮಾಷೆ ಉಂಟು. ನಿಜವಾದ 1969ರಲ್ಲಿ ಇದೇ ಫೌಲ್ಡ್ಸ್ ಬಿಬಿಸಿಯ ಮಕ್ಕಳ ಕಾರ್ಯಕ್ರಮದಲ್ಲಿ ಬೇಸಿಲ್ ಬ್ರಶ್ ಅನ್ನುವ ನರಿಬೊಂಬೆಯ ಜೊತೆ ‘ಮಿಸ್ಟರ್ ಡೆರೆಕ್’ ಆಗಿ ಕೂತು ಜೋಕು ಕೇಳಿ ನಗುತ್ತಿದ್ದ. ಅಂದರೆ ಐಡನ್ಸ್‌ಫೀಲ್ಡಿನ ಯಾವುದಾದರೂ ಮನೆಯಲ್ಲಿ 1969ರ ಒಂದು ಸಂಜೆ ಯಾರಾದರೂ ಟೀವಿ ಹಾಕಿದ್ದಿದ್ದರೆ, ಬಾಗಿಲಲ್ಲಿ ಬಂದು ನಿಂತ ಬ್ಲೇಕಟನ್ನರೇ ಒಳಗೆ ಪೆಟ್ಟಿಗೆಯಲ್ಲಿ ನರಿಯ ಜೊತೆ ಹರಟುತ್ತಿದ್ದರು. ಊರಿನವರು ಯಾರೂ ಈ ಬಗ್ಗೆ ಬಾಯಿಬಿಡಲಿಲ್ಲ. ಹಳ್ಳಿಯವರ ಸೌಜನ್ಯ ದೊಡ್ಡದು.

ಇನ್ನು ಠಾಣೆಯ ಆಲ್ಫ್ ವೆಂಟ್ರೆಸ್. ವಿಲಿಯಂ ಸೈಮನ್ಸ್ ಮಾಡಿದ ಪಾತ್ರ. ಬಾಯಲ್ಲಿ ಸಿಗರೇಟು, ಕೈಯಲ್ಲಿ ಸ್ಯಾಂಡ್‌ವಿಚ್ಚು, ಎದುರಿಗೆ ಟೀ. ಎಲ್ಲ ಸರಕಾರಿ ಕಚೇರಿಗಳಲ್ಲೂ ಇಂಥವರೊಬ್ಬರು ಇರಲೇಬೇಕು. ಅವರು ಏಳುವುದಿಲ್ಲ, ಓಡುವುದಿಲ್ಲ, ಆದರೆ ಯಾವ ಕಡತ ಯಾವ ಕಪಾಟಿನಲ್ಲಿ ಅನ್ನುವುದು ಅವರಿಗೊಬ್ಬರಿಗೇ ಗೊತ್ತು. ಕುಡಿಯುವ ಜಾಗ ‘ಐಡನ್ಸ್‌ಫೀಲ್ಡ್ ಆರ್ಮ್ಸ್’, ಬಡಿಸುವವಳು ಜೀನಾ. ಮೆಕ್ಯಾನಿಕ್ಕು ಬರ್ನಿ ಸ್ಕ್ರಿಪ್ಸ್. ಆತನಿಗೆ ಎರಡು ಕಸುಬು, ಕಾರು ರಿಪೇರಿ ಮತ್ತು ಶವಸಂಸ್ಕಾರ. ಬ್ರೇಕು ಸರಿಯಾಗಿ ಹಿಡಿಯದಿದ್ದರೂ ವ್ಯಾಪಾರಕ್ಕೆ ನಷ್ಟವಿಲ್ಲ.

ಇವರೆಲ್ಲ ಹಾಗಿರಲಿ. ಈ ಧಾರಾವಾಹಿಯ ನಿಜವಾದ ನಾಯಕ ಕ್ಲಾಡ್ ಜೆರೆಮೈಯಾ ಗ್ರೀನ್‌ಗ್ರಾಸ್. ಬೇರೆ ಯಾರೂ ಅಲ್ಲ. ಇದು ನನ್ನ ವಾದ, ಭಾವ ಒಪ್ಪುವುದಿಲ್ಲ, ಅದು ಅವರ ಹಣೆಬರಹ.

ಬಿಲ್ ಮೇನಾರ್ಡ್ ಎಂಬ ದಢೂತಿ ಹಾಸ್ಯನಟ ಆ ಪಾತ್ರ ಮಾಡಿದ. ಬೇಸಿಗೆಯಲ್ಲೂ ಬಿಚ್ಚದ ಉದ್ದನೆಯ ಕೊಳಕು ಓವರ್‌ಕೋಟು, ಅದರ ಜೇಬಿನಲ್ಲಿ ಇನ್ನೊಬ್ಬರ ಮೊಲವೋ ಮತ್ತೊಂದೋ, ತಲೆಗೊಂದು ಟೋಪಿ, ಕೆನ್ನೆಗೆ ಬಾಚಣಿಗೆ ಕಾಣದ ಗಡ್ಡ. ಹಿಂದೆಯೇ ಆಲ್ಫ್ರೆಡ್ ಅನ್ನುವ ಕೆದರಿದ ಕೂದಲಿನ ನಾಯಿ. ಯಜಮಾನನಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ ಅಂತ ಊರಿನವರ ಅಭಿಪ್ರಾಯ ಇದ್ದೀತು. ಮನೆಯಂಗಳ ಅಂದರೆ ಗುಜರಿ ರಾಶಿ. ತುಕ್ಕು ಹಿಡಿದ ಟ್ರಕ್ಕು, ಮುರಿದ ಒಲೆ, ಯಾರದೋ ಗೇಟು, ಎಲ್ಲಿಂದಲೋ ಬಂದ ಕೋಳಿಗಳು. ಅಲ್ಲಿಗೆ ಬ್ಲೇಕಟನ್ನನ ಕಾರು ಬಂದು ನಿಲ್ಲುತ್ತದೆ. ಸಾರ್ಜೆಂಟ್ ಕೆಳಗಿಳಿದು, ಬೂಟಿಗೆ ಕೆಸರಾಗದ ಹಾಗೆ ಜಾಗ ನೋಡಿ ಹೆಜ್ಜೆ ಇಟ್ಟು, “ಗ್ರೀನ್‌ಗ್ರಾಸ್!” ಅಂತ ಗುಡುಗುತ್ತಾನೆ. ಒಳಗಿನಿಂದ ಉತ್ತರವಿಲ್ಲ. ಮೊದಲು ನಾಯಿ ಬಂದು ನೋಡಿ ಹೋಗುತ್ತದೆ. ಆಮೇಲೆ ಯಜಮಾನ. ಕಣ್ಣು ಪಟಪಟ ಮಿಟುಕಿಸುತ್ತ, ಜಗತ್ತಿನಲ್ಲಿ ಅನ್ಯಾಯಕ್ಕೊಳಗಾದ ಕಟ್ಟಕಡೆಯ ಮನುಷ್ಯ ತಾನೇ ಅನ್ನುವ ಮುಖಭಾವದಲ್ಲಿ. ಕಳುವಾದ ಮಾಲು ಆ ರಾಶಿಯಲ್ಲೇ ಎಲ್ಲೋ ಇದೆ ಅಂತ ಸಾರ್ಜೆಂಟನಿಗೆ ಗೊತ್ತು. ಗೊತ್ತು ಅಂತ ಗ್ರೀನ್‌ಗ್ರಾಸ್‌ಗೆ ಗೊತ್ತು. ನೋಡುವ ನಮಗೆ ಇಬ್ಬರದೂ ಗೊತ್ತು. ಹಾಗಿದ್ದೂ ಸೋಫಾದ ತುದಿಗೆ ಜಾರಿ ಕೂತು, “ದೇವರೇ, ಸಿಗದೇ ಇರಲಪ್ಪ,” ಅಂತ ಹಾರೈಸುತ್ತೇವೆ.

ಯಾರಿಗೋಸ್ಕರ? ಕಳ್ಳನಿಗೋಸ್ಕರ! ಜೀವಮಾನವಿಡೀ ತೆರಿಗೆ ಕಟ್ಟಿ, ಕೆಂಪು ದೀಪಕ್ಕೆ ನಿಂತು, ಬಸ್ಸಿನಲ್ಲಿ ಚಿಲ್ಲರೆ ಬಿಟ್ಟುಬಂದ ನಮ್ಮಂಥ ಸಂಭಾವಿತರು ಹೀಗೆ ಕಳ್ಳನ ಕಡೆ ವಾಲಿಬಿಡುವುದು ಯಾಕೆ ಅಂತ ಯೋಚಿಸಿದೆ. ಲೆಕ್ಕ ಸರಳ. ಗ್ರೀನ್‌ಗ್ರಾಸ್ ಒಳಗೆ ಹೋದರೆ ಊರಿನಲ್ಲಿ ಪೊಲೀಸರಿಗೆ ಏನು ಕೆಲಸ? ಬ್ಲೇಕಟನ್ ಯಾರ ಮೇಲೆ ಸಿಡುಕಬೇಕು? ಪೇದೆ ಯಾರ ಮನೆಯ ಬಾಗಿಲು ತಟ್ಟಿ ತನ್ನ ಒಳ್ಳೆಯತನ ತೋರಿಸಬೇಕು? ಸೌಮ್ಯ ಪೊಲೀಸನೊಬ್ಬ ಬೇಕು ಅಂದರೆ ಮೊದಲು ಸೌಮ್ಯ ಕಳ್ಳನೊಬ್ಬ ಬೇಕು. ಹಳ್ಳಿಯ ಪೊಲೀಸಿಕೆ ಅನ್ನುವ ಕಾರ್ಖಾನೆಗೆ ಕಚ್ಚಾ ಮಾಲು ಸರಬರಾಜು ಮಾಡುತ್ತಿದ್ದವನೇ ಈ ಪುಣ್ಯಾತ್ಮ. ನಿರ್ಮಾಪಕರಿಗೂ ಈ ಸತ್ಯ ಚೆನ್ನಾಗಿ ಗೊತ್ತಿತ್ತು. ಮೇನಾರ್ಡ್‌ಗೆ ಪಾರ್ಶ್ವವಾಯು ಹೊಡೆದು 2000ದಲ್ಲಿ ಅವನು ಹೊರಗೆ ಹೋದ ಮೇಲೆ ಆ ಹುದ್ದೆಯನ್ನು ಖಾಲಿ ಬಿಡಲಿಲ್ಲ. ಮೆಕ್ಯಾನಿಕ್ ಬರ್ನಿಯ ಮಲಸಹೋದರ ವರ್ನನ್ ಸ್ಕ್ರಿಪ್ಸ್ ಬಂದ, ಅವನಾದಮೇಲೆ ಪೆಗ್ಗಿ ಆರ್ಮ್‌ಸ್ಟ್ರಾಂಗ್ ಬಂದಳು. ಕಿಲಾಡಿತನದಲ್ಲಿ ಮಹಿಳೆಯರಿಗೂ ಅವಕಾಶ ಸಿಕ್ಕಿತು. ಇವರಿಗೆಲ್ಲ ಜವಾನನಂತೆ ದುಡಿಯುವ ಬೋಳೇಶಂಕರ ಡೇವಿಡ್ ಸ್ಟಾಕ್‌ವೆಲ್ ಮಾತ್ರ ಅವನೇ. ಯಜಮಾನರು ಬದಲಾದರೂ ಗುಮಾಸ್ತ ಬದಲಾಗಬಾರದು, ಆಡಳಿತಕ್ಕೆ ತೊಂದರೆ.

ಬ್ಲೇಕಟನ್ನನದೂ ಇದೇ ಕಥೆ. ಹೃದಯದ ತೊಂದರೆಯಿಂದ ಪೊಲೀಸ್ ಕೆಲಸ ಬಿಟ್ಟವನು ಊರು ಬಿಡಬೇಕಿತ್ತು ತಾನೆ? ಬಿಡಲಿಲ್ಲ. ಅಂಚೆ ಕಚೇರಿ ಹಿಡಿದ. ಆಮೇಲೆ ಪಬ್ಬಿನ ಕೌಂಟರಿನ ಹಿಂದೆ ಬಂದು ನಿಂತ. ಯಾರನ್ನು ಜೈಲಿಗೆ ಹಾಕಬೇಕೆಂದು ವರ್ಷಗಟ್ಟಲೆ ಹಲ್ಲು ಕಡಿದನೋ ಅವನಿಗೇ ಬಿಯರ್ ಬಗ್ಗಿಸಿಕೊಟ್ಟ. ಇಷ್ಟು ದಿನ ಅಪರಾಧ ಹುಡುಕಿಕೊಂಡು ಊರು ಸುತ್ತಿದವನಿಗೆ ಕೊನೆಗೆ ಅರ್ಥವಾಯಿತು, ಹೆಂಡದಂಗಡಿಯಲ್ಲಿ ಕೂತರೆ ಸಮಾಚಾರ ತಾನಾಗಿ ನಡೆದು ಬರುತ್ತದೆ ಅಂತ.

ಈ ಕಥೆಗಳೆಲ್ಲ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪೀಟರ್ ವಾಕರ್ ಎಂಬ ಯಾರ್ಕ್‌ಷೈರ್ ಪೊಲೀಸರೊಬ್ಬರು, ಸ್ವತಃ ಹಳ್ಳಿ ಪೇದೆಯಾಗಿ ಸವೆದವರು, ನಿಕೊಲಸ್ ರಿಯಾ ಎಂಬ ಹೆಸರಿಟ್ಟುಕೊಂಡು ‘ಕಾನ್‌ಸ್ಟೇಬಲ್’ ಮಾಲೆಯ ಪುಸ್ತಕಗಳನ್ನು ಬರೆದರು. ಧಾರಾವಾಹಿಗೆ ಅವೇ ಮೂಲ. ಗ್ರೀನ್‌ಗ್ರಾಸ್ ಅಲ್ಲೇ ಹುಟ್ಟಿದ್ದು. ಆ ಕಾಲದ ಹಳ್ಳಿ ಪೇದೆಯ ಕೆಲಸ ಹೇಗಿತ್ತು ಅಂತ ತಿಳಿದರೆ ನಮ್ಮ ಭಾವನ ನಿಟ್ಟುಸಿರು ಅರ್ಧ ಇಳಿದೀತು. ಸರಕಾರ ಕೊಟ್ಟ ಪೊಲೀಸ್ ಮನೆ, ಅದರ ಒಂದು ಕೋಣೆಯೇ ಕಚೇರಿ. ಬಂದೂಕು ಲೈಸನ್ಸು ನೋಡುವವನು ಅವನೇ, ಹಂದಿ-ದನ ಸಾಗಿಸುವ ರಹದಾರಿ ನೋಡುವವನು ಅವನೇ, ತಪ್ಪಿಸಿಕೊಂಡ ನಾಯಿ ಕಟ್ಟಿಹಾಕಿಕೊಳ್ಳುವವನೂ ಅವನೇ. ಕೈಗೆ ರೇಡಿಯೋ ಬರುವುದಕ್ಕೆ ಮುಂಚೆ ಆತ ಎಲ್ಲಿದ್ದಾನೆ ಅಂತ ಮೇಲಿನವರಿಗೆ ಗೊತ್ತಾಗುವುದು ಹೇಗೆ? ಅದಕ್ಕೊಂದು ಉಪಾಯ. ಇಷ್ಟು ಗಂಟೆಗೆ ಇಂಥ ಊರಿನ ಕೆಂಪು ಟೆಲಿಫೋನ್ ಡಬ್ಬದ ಪಕ್ಕ ನಿಂತಿರಬೇಕು ಅಂತ ಮೊದಲೇ ಬರೆದುಕೊಟ್ಟಿರುತ್ತಾರೆ. ಮಳೆ ಇರಲಿ, ಹಿಮ ಇರಲಿ, ಅಷ್ಟು ಹೊತ್ತು ನಿಂತು, ಫೋನು ರಿಂಗಾಗದಿದ್ದರೆ ಮುಂದಿನ ಡಬ್ಬಕ್ಕೆ ಹೊರಡಬೇಕು. ರಿಂಗಾದಾಗ ಪೇದೆ ಅಲ್ಲಿಲ್ಲದಿದ್ದರೆ ಕಥೆ ಮುಗಿಯಿತು. ಸಾರ್ಜೆಂಟ್ ಒಮ್ಮೊಮ್ಮೆ ಫೋನು ಮಾಡದೆ ತಾನೇ ಬೇಲಿಯ ಹಿಂದಿನಿಂದ ಪ್ರತ್ಯಕ್ಷನಾಗುವುದೂ ಉಂಟು. ಕಳ್ಳ ಪೊಲೀಸನಿಗೆ ಹೆದರುತ್ತಿದ್ದ, ಪೊಲೀಸ ಫೋನ್ ಡಬ್ಬಕ್ಕೆ ಹೆದರುತ್ತಿದ್ದ.

ಇನ್ನು ಪೇದೆಯ ಹೆಂಡತಿ. ಆಕೆ ಸಂಬಳವಿಲ್ಲದ ಪೊಲೀಸು. ಗಂಡ ಹೊರಗೆ ಹೋದರೆ ಫೋನು ಎತ್ತುವುದು ಅವಳು, ಬಾಗಿಲಿಗೆ ಬಂದ ದೂರು ಬರೆದುಕೊಳ್ಳುವುದು ಅವಳು, ಅಪಘಾತದಲ್ಲಿ ಕಂಗಾಲಾದವರನ್ನು ಕೂರಿಸಿ ಟೀ ಕೊಡುವುದೂ ಅವಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕಳುವಾದ ಸೈಕಲ್ಲಿನ ನಂಬರ್ ಬರೆದುಕೊಂಡ ಎಷ್ಟು ತಾಯಂದಿರೋ. ಧಾರಾವಾಹಿಯಲ್ಲಿ ಕೇಟ್‌ಳನ್ನು ಡಾಕ್ಟರು ಮಾಡಿದ್ದರಿಂದ ಆ ಮನೆಯ ಫೋನಿಗೆ ಎರಡು ಪಾಲಿನ ಗ್ರಹಚಾರ. ಒಂದು ಕರೆ ಹೆರಿಗೆಗೆ, ಇನ್ನೊಂದು ಕಳ್ಳತನಕ್ಕೆ. ಈ ವಿಷಯದಲ್ಲಿ ಅಕ್ಕನ ಅಭಿಪ್ರಾಯ ಕೇಳಿದೆ. ಡಾಕ್ಟರ ಹೆಂಡತಿಯಾಗಿ ಅವಳು ನಡುರಾತ್ರಿ ಎತ್ತಿದ ಫೋನುಗಳ ಲೆಕ್ಕ ಶುರುವಾಯಿತು. ಭಾವ ರಿಮೋಟ್ ಒತ್ತಿ ಟೀವಿಯ ದನಿ ಏರಿಸಿದರು.

ಈಗ ಬರುತ್ತೇನೆ ಅಸಲು ತಮಾಷೆಗೆ. ಧಾರಾವಾಹಿ ಯಾವ ದಶಕವನ್ನು ಬಿಗಿದಪ್ಪಿ ಹಿಡಿಯಿತೋ ಅದೇ ದಶಕದಲ್ಲಿ ಇಂಗ್ಲೆಂಡು ತನ್ನ ಹಳ್ಳಿ ಪೇದೆಯನ್ನು ಕೈಯಾರೆ ಮನೆಗೆ ಕಳಿಸಿತು. 1966ರಲ್ಲಿ ಗೃಹಮಂತ್ರಿ ರಾಯ್ ಜೆಂಕಿನ್ಸ್ ಪೊಲೀಸ್ ಪಡೆಗಳನ್ನು ಒಗ್ಗೂಡಿಸುತ್ತೇನೆ ಅಂತ ಹೊರಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 117 ಇದ್ದ ಪಡೆಗಳನ್ನು 49ಕ್ಕೆ ಇಳಿಸುವ ಯೋಜನೆ. ಐಡನ್ಸ್‌ಫೀಲ್ಡ್ ಸೇರಿದ್ದ ನಾರ್ತ್ ರೈಡಿಂಗ್ ಪಡೆಯೇ 1968ರಲ್ಲಿ ಯಾರ್ಕ್ ಮತ್ತು ಈಸ್ಟ್ ರೈಡಿಂಗ್ ಪಡೆಗಳ ಜೊತೆ ಬೆರೆತುಹೋಯಿತು. ಅದೇ ಹೊತ್ತಿಗೆ ಪ್ಯಾಂಡಾ ಕಾರು ಬಂತು. ತಿಳಿನೀಲಿ-ಬಿಳಿ ಬಣ್ಣ, ಒಳಗೆ ಬೆಚ್ಚಗೆ ಕೂತ ಪೊಲೀಸು, ಕೈಯಲ್ಲಿ ರೇಡಿಯೋ. ಒಬ್ಬನೇ ಹತ್ತು ಹಳ್ಳಿ ನೋಡಿಕೊಳ್ಳಬಹುದು ಅಂತ ಲೆಕ್ಕ. ಹತ್ತೂ ಹಳ್ಳಿಯನ್ನು ಕಿಟಕಿಯಿಂದ ನೋಡಿದ. ಪೊಲೀಸ್ ಮನೆಗಳು ಒಂದೊಂದಾಗಿ ಮಾರಾಟವಾದವು. ಆಗಿನ ಟೀವಿಯೂ ಕಾರಿನ ಮೋಹದಲ್ಲೇ ಇತ್ತು. 1962ರಲ್ಲಿ ಶುರುವಾದ ‘ಝಡ್ ಕಾರ್ಸ್’ ಅನ್ನುವ ಬಿಬಿಸಿ ಧಾರಾವಾಹಿಯ ಹೆಸರಿನಲ್ಲೇ ಕಾರು. ಅಂದರೆ ಅರವತ್ತರ ದಶಕದ ಜನ ಸೋಫಾದ ಮೇಲೆ ಕೂತು ಕಾರಿನ ಪೊಲೀಸನನ್ನು ನೋಡಿ ಶಿಳ್ಳೆ ಹೊಡೆದರು, ತೊಂಬತ್ತರ ದಶಕದ ಅವರ ಮಕ್ಕಳು ಅದೇ ಸೋಫಾದಲ್ಲಿ ಕೂತು ಹಳ್ಳಿ ಪೇದೆಯನ್ನು ನೆನೆದು ಕಣ್ಣೊರೆಸಿಕೊಂಡರು. ಭಾನುವಾರ ರಾತ್ರಿಗಳಲ್ಲಿ ಒಂದು ಕೋಟಿಗೂ ಮೀರಿ ಜನ ನೋಡುತ್ತಿದ್ದರು. ಅಷ್ಟೂ ಜನರಲ್ಲಿ ತಮ್ಮೂರಿನ ಪೇದೆಯ ಹೆಸರು ಹೇಳಬಲ್ಲವರು ಎಷ್ಟು ಮಂದಿಯೋ ಕೇಳಬಾರದು, ಮುಜುಗರ.

1970 ಯಾಕೆ ಬರಲಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಇದೇ. ಬಂದಿದ್ದರೆ ಐಡನ್ಸ್‌ಫೀಲ್ಡಿನ ಪೊಲೀಸ್ ಮನೆಯ ಮುಂದೆ ‘ಮಾರಾಟಕ್ಕಿದೆ’ ಫಲಕ ನೇತಾಡುತ್ತಿತ್ತು.

ನಮ್ಮ ಕಡೆಯೂ ಅದೇ ಹೊತ್ತಿಗೆ ಇಂಥದ್ದೇ ಒಂದು ನಡೆಯಿತು, ಅದು ಅಲ್ಲಿಯವರಿಗೆ ಗೊತ್ತಿಲ್ಲ, ಇಲ್ಲಿಯವರು ಮರೆತಿದ್ದಾರೆ. ಹಳೇ ಮೈಸೂರಿನಲ್ಲಿ ಪಟೇಲ, ಕೈಕೆಳಗೆ ತಳವಾರ. ಉತ್ತರ ಕರ್ನಾಟಕದ ಕಡೆ ಪೊಲೀಸ್ ಪಾಟೀಲ ಅಂತಲೇ ಹುದ್ದೆ. ಊರ ಕಳವು, ಗದ್ದೆಬದಿಯ ಜಗಳ, ಹೊಸಬರ ಚಲನವಲನ, ಎಲ್ಲದರ ಖಬರು ಅವರಿಗೆ. ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಇವರನ್ನೆಲ್ಲ ಮನೆಗೆ ಕಳಿಸಿತು. ಪಾಟೀಲರ ಮನೆತನದ ಹೆಸರಿನಲ್ಲಿ ಮಾತ್ರ ‘ಪೊಲೀಸ್’ ಇವತ್ತಿಗೂ ಡ್ಯೂಟಿಯಲ್ಲಿದೆ. ಕೋರ್ಟಿನಲ್ಲಿ ವಕೀಲರಾಗಿ, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ‘ಪೊಲೀಸ್‌ಪಾಟೀಲ’ರು ಸಿಗುತ್ತಾರೆ. ಪಟೇಲರ ಕಾಲ ಚಿನ್ನದ ಕಾಲ ಅಂತ ಯಾರಾದರೂ ಧಾರಾವಾಹಿ ತೆಗೆದರೆ ನಾನು ನಂಬುವವನಲ್ಲ. ಊರಿನ ಸಮಾಚಾರವೆಲ್ಲ ಗೊತ್ತಿರುವ ಯಜಮಾನ ಕೇರಿಯ ಕೊನೆಯ ಮನೆಯವನಿಗೆ ಹೇಗೆ ಕಾಣುತ್ತಿದ್ದ ಅನ್ನುವುದನ್ನು ಆ ಮನೆಯವನೇ ಹೇಳಬೇಕು. ಬ್ಲೇಕಟನ್ ಎಷ್ಟು ಸಿಡುಕಿದರೂ ಗ್ರೀನ್‌ಗ್ರಾಸ್‌ನ ಮೈಮೇಲೆ ಕೈಮಾಡಲಿಲ್ಲ. ಅದು ಧಾರಾವಾಹಿ, ಭಾನುವಾರ ರಾತ್ರಿಯದು. 2025ರಲ್ಲಿ ನಮ್ಮ ಪೊಲೀಸರು ‘ಮನೆ ಮನೆಗೆ ಪೊಲೀಸ್’ ಅಂತ ಶುರು ಮಾಡಿದಾಗ ಭಾವ ಲೀಡ್ಸಿನಿಂದಲೇ ಫೋನು ಮಾಡಿ, “ನೋಡಿದ್ಯಾ, ಐಡನ್ಸ್‌ಫೀಲ್ಡ್!” ಅಂತ ಸಂಭ್ರಮಿಸಿದರು. ನಮ್ಮ ಬೀದಿಯ ಕೊನೆಯ ಮನೆಯಾಕೆಯ ಅನುಮಾನ ಬೇರೆ: “ಮನೆ ಬಾಗಿಲಿಗೆ ಪೊಲೀಸ್ ಬಂದ್ರೆ ಅಕ್ಕಪಕ್ಕದವರು ಏನಂದ್ಕೋತಾರೆ?” ಪೇದೆ ಒಳ್ಳೆಯವನೋ ಕೆಟ್ಟವನೋ, ಎದುರುಮನೆಯ ಬಾಗಿಲು ತಟ್ಟಿದರೆ ಮಾತ್ರ ನೋಡುವುದಕ್ಕೆ ಚೆಂದ.

ಚಿತ್ರೀಕರಣ ನಡೆದದ್ದು ಗೋಥ್‌ಲ್ಯಾಂಡ್ ಎಂಬ ನಿಜವಾದ ಹಳ್ಳಿಯಲ್ಲಿ. ಕೆಲವೇ ನೂರು ಜನರ ಊರು. ಜನಕ್ಕಿಂತ ಕುರಿಗಳ ದರ್ಬಾರು ಜಾಸ್ತಿ. ರಸ್ತೆ, ಹುಲ್ಲುಗಾವಲು, ಅಂಗಡಿ ಮುಂಗಟ್ಟು ಎಲ್ಲ ಅವುಗಳದ್ದೇ, ಮೇಯುವ ಹಕ್ಕು ಹಳೇ ಕಾಲದ್ದು. ಭಾವ ನನ್ನನ್ನು ಅಲ್ಲಿಗೆ ತೀರ್ಥಯಾತ್ರೆಗೆ ಕರೆದೊಯ್ದಿದ್ದರು. ಗೋಥ್‌ಲ್ಯಾಂಡ್ ಹೋಟೆಲಿನ ಮೇಲೆ ‘ಐಡನ್ಸ್‌ಫೀಲ್ಡ್ ಆರ್ಮ್ಸ್’ ಅಂತ ಫಲಕ. ಒಳಗೆ ಹೋದವರಿಗೆ ಏನೋ ಒಂದು ಕೊರತೆ. ಟೀವಿಯಲ್ಲಿ ಕಂಡಷ್ಟು ದೊಡ್ಡದಿಲ್ಲವಲ್ಲ ಅಂತ. ಕಾರಣ, ಮುಂದಿನ ವರ್ಷಗಳಲ್ಲಿ ಒಳಾಂಗಣವನ್ನು ಲೀಡ್ಸಿನ ಸ್ಟುಡಿಯೋದಲ್ಲಿ ಕಟ್ಟಿಕೊಂಡಿದ್ದರು. ಪಬ್ಬಿನ ಹೊರಗೋಡೆ ಒಂದೂರು, ಒಳಗೋಡೆ ಇನ್ನೊಂದೂರು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎಪ್ಪತ್ತು ಮೈಲಿ ದೂರ ಹೋಗಿ ಬೀಳುವ ಗಿರಾಕಿ, ಅದೂ ಕುಡಿಯುವ ಮುಂಚೆಯೇ. ಗ್ಯಾರೇಜಿಗೆ ಸ್ಕ್ರಿಪ್ಸ್ ಹೆಸರು, ದಿನಸಿ ಅಂಗಡಿಗೆ ಐಡನ್ಸ್‌ಫೀಲ್ಡ್ ಹೆಸರು. ಅಲ್ಲಿನ ರೈಲ್ವೆ ನಿಲ್ದಾಣವನ್ನು ‘ಹ್ಯಾರಿ ಪಾಟರ್’ನ ಮೊದಲ ಸಿನಿಮಾದವರು ಹಾಗ್ಸ್‌ಮೀಡ್ ಮಾಡಿಕೊಂಡರು. ಹೀಗಾಗಿ ಬಸ್ಸಿನಿಂದ ಇಳಿದ ಅಜ್ಜ-ಅಜ್ಜಿ ಪಬ್ಬಿನ ಕಡೆ, ಮೊಮ್ಮಕ್ಕಳು ನಿಲ್ದಾಣದ ಕಡೆ. ಗೋಥ್‌ಲ್ಯಾಂಡ್ ನೋಡುವುದಕ್ಕೆ ಬಂದವರು ಯಾರೂ ಇಲ್ಲ, ಕುರಿಗಳನ್ನು ಬಿಟ್ಟರೆ. ಆಗುಂಬೆಗೆ ಹೋಗಿ ‘ಮಾಲ್ಗುಡಿ ಎಲ್ಲಿ?’ ಅಂತ ಕೇಳುವ, ದೊಡ್ಡಮನೆಯ ಜಗಲಿಯಲ್ಲಿ ಕೂತು ಫೋಟೋ ಹೊಡೆಸಿಕೊಳ್ಳುವ ನಮ್ಮವರಿಗೆ ಇದೇನು ಹೊಸದಲ್ಲ. ಶಂಕರ್‌ನಾಗ್ ತಮ್ಮ ಮಾಲ್ಗುಡಿ ಧಾರಾವಾಹಿಯ ಶೂಟಿಂಗ್ ಮುಗಿಸಿ ಹೊರಟು ನಾಲ್ಕು ದಶಕವಾಗುತ್ತ ಬಂತು, ಮಾಲ್ಗುಡಿ ಇನ್ನೂ ಊರು ಬಿಟ್ಟಿಲ್ಲ.

ಗೋಥ್‌ಲ್ಯಾಂಡಿನಲ್ಲಿ ಪೊಲೀಸ್ ಕಾರೂ ಕಂಡಿತು. ನೀಲಿ-ಬಿಳಿ ಆ್ಯಂಗ್ಲಿಯಾ, ಫಳಫಳ ಹೊಳೆಯುತ್ತಿತ್ತು. ಭಾವ ಅದರ ಪಕ್ಕ ನಿಂತು ಎದೆಯುಬ್ಬಿಸಿ ಫೋಟೋ ತೆಗೆಸಿಕೊಂಡರು. ಅಷ್ಟರಲ್ಲಿ ಒಂದು ಕುರಿ ನಮ್ಮ ಕಾರಿನ ಬಾಗಿಲ ಸಂದಿನಿಂದ ಮೂತಿ ತೂರಿಸಿ, ಅಕ್ಕ ಕಟ್ಟಿಕೊಟ್ಟಿದ್ದ ಚಪಾತಿಯ ಪೊಟ್ಟಣ ಎಳೆದುಕೊಂಡು ಹೊರಟೇಹೋಯಿತು. ಹಗಲು ದರೋಡೆ, ಇಬ್ಬರು ಸಾಕ್ಷಿ, ಮಾಲು ಆರೋಪಿಯ ಬಾಯಲ್ಲೇ ಇತ್ತು. ದೂರು ಕೊಡೋಣವೆಂದರೆ ಆ ಚೆಂದದ ಕಾರಿನೊಳಗೆ ಪೊಲೀಸು ಇರಲಿಲ್ಲ. ಅದು ಪ್ರವಾಸಿಗರಿಗೆ ಇಟ್ಟದ್ದು.

2009ರಲ್ಲಿ ಐಟಿವಿಯವರು ಹಣದ ಕಾರಣಕ್ಕೆ ಚಿತ್ರೀಕರಣ ನಿಲ್ಲಿಸಿದರು. ಉಳಿದ ಕಂತುಗಳು ಮುಂದಿನ ವರ್ಷ ಮುಗಿದವು. ಪೇದೆಗಳಲ್ಲಿ ಕೊನೆಯವನು ಜೋ ಮೇಸನ್. ಅವನ ಮೇಲೆ ಭಾವನಿಗೆ ಅಂಥ ಅಭಿಮಾನವೇನಿಲ್ಲ. ನಿಕ್ ಬಿಟ್ಟುಹೋದ ಮೇಲೆ ಬಂದವರೆಲ್ಲ ಅವರ ಪಾಲಿಗೆ ‘ಆಕ್ಟಿಂಗ್ ಚಾರ್ಜ್’. ಇದನ್ನು ಮತ್ತೆ ಶುರು ಮಾಡಬೇಕು ಅನ್ನುವುದು ಅವರ ಪಟ್ಟು. ಈಗಿನ ಕಾಲಕ್ಕೆ ತಕ್ಕ ಹಾಗೆ ತೆಗೆದರೆ ಹೇಗಿರುತ್ತೆ ಅಂತ ಒಂದು ಸಂಜೆ ಕೂತು ಕಥೆ ಕಟ್ಟಿದೆವು. ಗ್ರೀನ್‌ಗ್ರಾಸ್ ಗುಜರಿ ಅಂಗಳದಲ್ಲಿ ಕೂತು ಮೊಬೈಲಿನಲ್ಲಿ ‘ಪುರಾತನ’ ಗಡಿಯಾರ ಮಾರುತ್ತಾನೆ. ಮೊಲ ಕಳೆದುಕೊಂಡ ಜಮೀನ್ದಾರ ಪೊಲೀಸರಿಗೆ ಫೋನು ಮಾಡಿದರೆ, ಇಂಗ್ಲಿಷಿಗೆ ಒಂದು ಒತ್ತಿ. ಠಾಣೆ ಮೂವತ್ತು ಮೈಲಿ ಆಚೆ. ದೂರು ಆನ್‌ಲೈನಿನಲ್ಲಿ, ಮೊಲದ ಇತ್ತೀಚಿನ ಭಾವಚಿತ್ರದೊಂದಿಗೆ. ಪೇದೆ ಬರುವಷ್ಟರಲ್ಲಿ ಮೊಲ ಸಾರಾಗಿ, ಸಾರು ಖಾಲಿಯಾಗಿ, ಆಲ್ಫ್ರೆಡ್ ತಟ್ಟೆ ನೆಕ್ಕಿ ಮುಗಿಸಿದೆ. ಬ್ಲೇಕಟನ್ ಸಿಡುಕುವುದು ಯಾರ ಮೇಲೆ? ಪಾಸ್‌ವರ್ಡ್ ಮೇಲೆ.

“ಅಷ್ಟಾದ್ರೂ ಪರ್ವಾಗಿಲ್ಲ, ತೆಗೀಬೇಕು,” ಅಂದರು ಭಾವ. “ಹೊಸ ಡಾಕ್ಟರ ಪಾತ್ರ ಕನ್ನಡದವನಿಗೇ ಕೊಡಬೇಕು.”

ಅಕ್ಕ ದೋಸೆ ಹಿಟ್ಟಿನ ಪಾತ್ರೆ ಮೇಜಿನ ಮೇಲೆ ಕುಕ್ಕಿದಳು. “ತೆಗೀಲಿ. ಹೋದ ಸಲ ಹದಿನೆಂಟು ವರ್ಷ ಪ್ರತಿ ಭಾನುವಾರ ರಾತ್ರಿ ಪಾತ್ರೆ ತೊಳೆದವಳು ನಾನು. ಈ ಸಲ ಮೊದಲನೇ ಕಂತಿನಿಂದ ನಾನು ಸೋಫಾದಲ್ಲಿ ಕೂತಿರ್ತೀನಿ.”